ನನ್ನದಲ್ಲದ ಹರಳು

ಬದುಕಿನಲ್ಲಿ ನನಗೆ ಒಂದೇ ಒಂದು ಸಲ ಸನ್ಮಾನವಾಗಿದೆ, ಅದೂ ನಾನು ಮಾಡದ ಕೆಲಸಕ್ಕೆ. ಮಾಡಿದ ಕೆಲಸಗಳಿಗೆ ಯಾರೂ ಶಾಲು ಹೊದಿಸಲಿಲ್ಲ. ಕೊಟ್ಟೂರಿನ ಸಭಾಭವನದಲ್ಲಿ ಪೇಟ ಕಿವಿಯ ಮೇಲೆ ಜಾರುತ್ತಿದ್ದಾಗ ಎದುರಿಗಿದ್ದ ಜನ ಚಪ್ಪಾಳೆ ತಟ್ಟಿದ್ದು ಒಂದು ಬ್ಯಾಕ್ಟೀರಿಯಾದ ಎಂಜೈಮಿನ ಹರಳಿಗೆ. ಆ ಹರಳು ಅವರು ಅಂದುಕೊಂಡ ಎಂಜೈಮಿನದಾಗಿರಲಿಲ್ಲ. ಆ ಹೊತ್ತಿಗೆ ಅದು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅಂಥ ಸಮಾಧಾನ ನನಗೆ ಬೇಡ.

ನಮ್ಮದು ಕೂಡ್ಲಿಗಿ. ಅಪ್ಪ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಹೆಂಗಸರು ಗೋದಾಮಿನಲ್ಲಿ ಕೂತು ಹಣ್ಣು ಬಡಿದು ಬೀಜ ಬೇರೆ ಮಾಡುತ್ತಿದ್ದರು. ಹಣ್ಣು ದೂರದೂರುಗಳಿಗೆ ಹೋಗುತ್ತಿತ್ತು, ಬೀಜ ಮೂಟೆಗಟ್ಟಲೆ ಉಳಿಯುತ್ತಿತ್ತು. ಅದರಲ್ಲಿ ಒಂದಿಷ್ಟನ್ನು ಸುತ್ತಲಿನ ಕಂಬಳಿ ನೇಯುವವರು ಒಯ್ಯುತ್ತಿದ್ದರು. ಬೀಜವನ್ನು ನೆನೆಸಿ, ಅರೆದು, ಕಾಯಿಸಿ ಗಂಜಿ ಮಾಡಿ ಉಣ್ಣೆಯ ನೂಲಿಗೆ ಹಚ್ಚಿದರೆ ನೂಲು ಬಿರುಸಾಗಿ ಮಗ್ಗದಲ್ಲಿ ಹರಿಯದೆ ನಿಲ್ಲುತ್ತದೆ. ಇಷ್ಟು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಅದು ವಿಜ್ಞಾನ ಎಂದು ಯಾರೂ ಹೇಳಿರಲಿಲ್ಲ.

ಎಂ.ಎಸ್ಸಿ. ಮುಗಿಸಿ ಒಂದು ದೊಡ್ಡ ಊರಿನ ಪ್ರಯೋಗಾಲಯದಲ್ಲಿ ಪಿಎಚ್‌.ಡಿ.ಗೆ ಸೇರಿದೆ. ನನ್ನ ಗೈಡ್ ಮೊದಲ ದಿನವೇ ಹೊಸ ಎಂಜೈಮ್ ಬೇಕು ಎಂದರು. ಯಾರೂ ಮುಟ್ಟಿರಬಾರದು, ಕೇಳಿದವರು ಹುಬ್ಬೇರಿಸಬೇಕು. ಎಲ್ಲಿಂದ ತರಬೇಕು ಎಂದು ಕೇಳಿದ್ದಕ್ಕೆ, ಅದನ್ನೂ ನಾನೇ ಹೇಳಿಕೊಡುವುದಾದರೆ ನೀನು ಯಾಕೆ ಎಂದರು. ಆ ಮನುಷ್ಯ ಪಿಪೆಟ್ ಮುಟ್ಟಿದ್ದನ್ನು ನಾನು ಅಲ್ಲಿದ್ದ ಆರು ವರ್ಷದಲ್ಲಿ ನೋಡಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಚಹಾದ ಲೋಟ ಹಿಡಿದು ಬೆಂಚುಗಳ ನಡುವೆ ಒಂದು ಸುತ್ತು ಹಾಕಿ, "ಏನಾದರೂ ಬಂತಾ?" ಎಂದು ಕೇಳುವುದೇ ಅವರ ಸಂಶೋಧನೆ. ಬಸ್‌ಸ್ಟ್ಯಾಂಡಿನಲ್ಲಿ ಕೂತವರೂ ಅದನ್ನೇ ಕೇಳುತ್ತಾರೆ.

ಆ ವರ್ಷದ ರಜೆಯಲ್ಲಿ ಊರಿಗೆ ಬಂದಾಗ, ಕಾನಹೊಸಹಳ್ಳಿಯ ಆಚೆಯ ಒಂದು ಹಳ್ಳಿಗೆ ಅಪ್ಪನ ಜೊತೆ ಬೀಜದ ಮೂಟೆ ಇಳಿಸಲು ಹೋಗಿದ್ದೆ. ಆ ಮನೆಯಲ್ಲಿ ಮಗ ನೇಯುತ್ತಿದ್ದ, ನೂಲುವುದು ಮತ್ತು ಗಂಜಿ ಕಾಯಿಸುವುದು ಅವನ ತಾಯಿಯ ಕೆಲಸ. ನಾವು ಹೋದಾಗ ಆಕೆ ಒಂದು ಗಡಿಗೆಯನ್ನು ಬೈಯುತ್ತಿದ್ದರು. ನಿಜಕ್ಕೂ ಗಡಿಗೆಯನ್ನೇ. ನಿನ್ನೆ ಮಾಡಿಟ್ಟ ಗಂಜಿ ಇವತ್ತು ನೀರಾಗಿತ್ತು. ಕೈ ಅದ್ದಿ ಎತ್ತಿದರೆ ಅಂಟಿನ ಎಳೆಯೇ ಬರುತ್ತಿರಲಿಲ್ಲ. ನನ್ನ ತಲೆಯಲ್ಲಿ ತಕ್ಷಣ ಒಂದು ದೀಪ ಹೊತ್ತಿತು. ಹುಣಸೆಬೀಜದ ಅಂಟು ಅಂದರೆ ಸಕ್ಕರೆಯ ಅಣುಗಳ ಉದ್ದನೆಯ ಸರಪಳಿ. ಅದು ಒಂದೇ ದಿನದಲ್ಲಿ ತೆಳುವಾಗಿದೆ ಎಂದರೆ ಒಳಗೆ ಯಾವುದೋ ಬ್ಯಾಕ್ಟೀರಿಯಾ ಕೂತು ಆ ಸರಪಳಿಯನ್ನು ತುಂಡು ಮಾಡುತ್ತಿದೆ. ತುಂಡು ಮಾಡುವ ಕತ್ತರಿಯೇ ಎಂಜೈಮ್.

ಒಂದು ಸ್ಟೀಲ್ ಡಬ್ಬಿಯಲ್ಲಿ ಆ ಗಂಜಿ ಕೇಳಿ ಹಾಕಿಸಿಕೊಂಡೆ. ಹಾಳಾದದ್ದನ್ನು ಯಾಕೆ ಒಯ್ಯುತ್ತೀ ಎಂದು ಆಕೆ ಕೇಳಿದರು. ಇದನ್ನು ತಿನ್ನುವ ಹುಳ ಹುಡುಕುತ್ತೇನೆ ಎಂದೆ.

"ಹುಡುಕಿದ ಮ್ಯಾಲೆ ಬಂದು ಹೇಳವಾ, ಅದನ್ನ ಹೆಂಗ ಸಾಯಿಸಬೇಕು ಅಂತ," ಎಂದರು.

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಬಸ್ಸು ಹತ್ತುವ ಹೊತ್ತಿಗೆ ಮರೆತೆ. ನನಗೆ ಬೇಕಾಗಿದ್ದದ್ದು ಹುಳವನ್ನು ಸಾಕುವುದು.

ಬ್ಯಾಕ್ಟೀರಿಯಾ ಸಿಕ್ಕಿತು. ಅದರ ಎಂಜೈಮಿನ ಜೀನ್ ಕೂಡ ಒಂದೂವರೆ ವರ್ಷದಲ್ಲಿ ಸಿಕ್ಕಿತು. ಅದನ್ನು ಇ. ಕೋಲಿಯೊಳಗೆ ಸೇರಿಸಿದೆ. ಇ. ಕೋಲಿ ನಮ್ಮ ನಿಮ್ಮ ಕರುಳಿನಲ್ಲಿ ವಾಸಿಸುವ ಸಾಮಾನ್ಯ ಬ್ಯಾಕ್ಟೀರಿಯಾ. ಪ್ರಯೋಗಾಲಯದಲ್ಲಿ ಅದು ಕೂಲಿಯಾಳು. ಯಾವ ಜೀನ್ ಕೊಟ್ಟರೂ ಅದರ ಪ್ರೋಟೀನನ್ನು ಬೇಕಾದಷ್ಟು ಮಾಡಿಕೊಡುತ್ತದೆ. ಆಮೇಲೆ ಆ ಕೂಲಿಯಾಳನ್ನು ಒಡೆದು, ಅದರ ಸ್ವಂತ ಸಾವಿರಾರು ಪ್ರೋಟೀನುಗಳನ್ನು ತೊಳೆದು ಹಾಕಿ, ನಮಗೆ ಬೇಕಾದದ್ದನ್ನು ಮಾತ್ರ ಉಳಿಸಿಕೊಳ್ಳಬೇಕು. ಪೂರ್ತಿ ತೊಳೆದು ಹೋಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಶುದ್ಧ ಎಂದು ಬರೆಯುತ್ತಾರೆ.

ಎಂಜೈಮಿನ ಆಕಾರ ನೋಡಬೇಕಾದರೆ ಅದು ಹರಳಾಗಬೇಕು. ಕೋಟ್ಯಂತರ ಅಣುಗಳು ಒಂದರ ಪಕ್ಕ ಒಂದು ಒಂದೇ ಭಂಗಿಯಲ್ಲಿ ನಿಂತಾಗ ಮಾತ್ರ ಎಕ್ಸ್‌ರೇ ಹಾಯಿಸಿದರೆ ಚುಕ್ಕೆಗಳ ಚಿತ್ರ ಮೂಡುತ್ತದೆ. ಆ ಚುಕ್ಕೆಗಳಿಂದ ಲೆಕ್ಕ ಹಾಕಿ ಯಾವ ಪರಮಾಣು ಎಲ್ಲಿದೆ ಎಂದು ಹೇಳಬಹುದು. ಹರಳು ಬೆಳೆಸಲು ಒಂದು ತೊಟ್ಟು ಪ್ರೋಟೀನಿಗೆ ಒಂದು ತೊಟ್ಟು ಉಪ್ಪಿನ ದ್ರಾವಣ ಬೆರೆಸಿ, ಗಾಜಿಗೆ ತಲೆಕೆಳಗಾಗಿ ತೂಗುಬಿಟ್ಟು, ಮುಚ್ಚಿಟ್ಟು ಕಾಯಬೇಕು. ನೂರಾರು ದ್ರಾವಣಗಳಲ್ಲಿ ನೂರಾರು ತೊಟ್ಟು ಇಟ್ಟೆ. ಹೆಚ್ಚಿನವು ಒಡೆದ ಹಾಲಿನ ಹಾಗಾದವು. ಎಂಟು ತಿಂಗಳಾದ ಮೇಲೆ ಒಂದು ತೊಟ್ಟಿನಲ್ಲಿ, ಒಡೆದ ಹಾಲಿನ ನಡುವೆಯೇ, ಕಲ್ಲುಸಕ್ಕರೆಯ ಚೂರಿನಂಥ ನಾಲ್ಕು ಹರಳು ಕಂಡವು. ಅಂಚುಗಳು ಚಾಕುವಿನಿಂದ ಕತ್ತರಿಸಿದಂತಿದ್ದವು. ಸೂಕ್ಷ್ಮದರ್ಶಕದ ಕೆಳಗೆ ತಟ್ಟೆ ತಿರುಗಿಸಿದರೆ ನೀಲಿ ಮತ್ತು ಹಳದಿ ಮಿಂಚುತ್ತಿತ್ತು. ಅದನ್ನು ನೋಡಿ ನಾನು ಅತ್ತೆ. ಇವತ್ತು ನೆನೆದರೆ ಆ ಅಳುವಿನ ಬಗ್ಗೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ತಾತ್ಸಾರ.

ಯಾಕೆಂದರೆ ಅನುಮಾನ ಪಡಲು ಕಾರಣ ನನ್ನ ಮೇಜಿನ ಮೇಲೇ ಇತ್ತು. ಪ್ರೋಟೀನುಗಳನ್ನು ಒಂದು ತೆಳು ಜೆಲ್ಲಿನಲ್ಲಿ ಓಡಿಸಿ ನೋಡುವ ಪರೀಕ್ಷೆಯಿದೆ. ದೊಡ್ಡವು ಮೇಲೆ ನಿಲ್ಲುತ್ತವೆ, ಚಿಕ್ಕವು ಕೆಳಗೆ ಇಳಿಯುತ್ತವೆ. ನನ್ನ ಎಂಜೈಮಿನ ದಪ್ಪ ನೀಲಿ ಗೆರೆ ಮೇಲಿತ್ತು. ಬಹಳ ಕೆಳಗೆ, ಉಗುರಿನಿಂದ ಗೀಚಿದಷ್ಟು ತೆಳುವಾಗಿ, ಇನ್ನೊಂದು ಗೆರೆಯಿತ್ತು. ಒಂದು ಹರಳನ್ನು ಎತ್ತಿ ತೊಳೆದು ಅದೇ ಜೆಲ್ಲಿನಲ್ಲಿ ಓಡಿಸಿದ್ದರೆ ಅದು ಯಾವ ಗೆರೆಯ ಹರಳು ಎಂದು ಸಂಜೆಯೊಳಗೆ ಗೊತ್ತಾಗುತ್ತಿತ್ತು. ಹಾಗೆ ಮಾಡಲೇ ಎಂದು ಗೈಡನ್ನು ಕೇಳಿದೆ.

"ಸಿಕ್ಕಿರೋದು ನಾಲ್ಕು. ಅದರಲ್ಲಿ ಒಂದನ್ನು ಕರಗಿಸ್ತೀಯಾ?" ಎಂದರು. "ಹರಳು ಬಂದ ಮೇಲೂ ಅನುಮಾನ ಪಡೋರು ವಿಜ್ಞಾನ ಮಾಡಬಾರದು ಕಣಮ್ಮ."

ಅನುಮಾನ ಪಡದವರು ಮಾಡಬಾರದ ಒಂದೇ ಕೆಲಸ ವಿಜ್ಞಾನ. ಇದನ್ನು ಹೇಳಲು ನನಗೆ ಬಾಯಿರಲಿಲ್ಲ ಎಂದು ಬಹಳ ದಿನ ನಂಬಿದ್ದೆ. ನಿಜ ಅದಲ್ಲ. ನನಗೂ ಅದು ನನ್ನ ಹರಳೇ ಆಗಿರಬೇಕಿತ್ತು. ಅವರು ಬೇಡ ಎಂದದ್ದು ನನಗೆ ಅನುಕೂಲವಾಯಿತು.

ಹರಳಿನ ಫೋಟೋವನ್ನು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದು ನಾನೇ. ನನ್ನ ಅಕ್ಕನ ಗಂಡ, ಭಾವ, ಹಗರಿಬೊಮ್ಮನಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಅವರ ಮೊಬೈಲಿಗೆ ಬಂದದ್ದು ಮೂರು ತಾಲ್ಲೂಕು ದಾಟುತ್ತದೆ. ಅವರಿಂದ ಫೋಟೋ ಕೊಟ್ಟೂರಿನ ಒಂದು ಸಮಿತಿಯ ಅಧ್ಯಕ್ಷರಿಗೆ ಹೋಯಿತು. ಅವರಿಗೆ ಪ್ರತಿವರ್ಷ ಐದು ಜನ ಸಾಧಕರು ಬೇಕು. ಆ ವರ್ಷ ನಾಲ್ಕೇ ಜನ ಸಿಕ್ಕಿದ್ದರು.

ಹೀಗಾಗಿ ನಾನು ಐದನೆಯವಳಾದೆ. ವೇದಿಕೆಯ ಹಿಂದೆ ಫ್ಲೆಕ್ಸಿನಲ್ಲಿ ನನ್ನ ಮುಖ ಸಣ್ಣದಿತ್ತು, ಅಧ್ಯಕ್ಷರ ಮುಖ ಬಂಡಿಯ ಗಾಲಿಯಷ್ಟಿತ್ತು. ನಡುವೆ ನನ್ನ ಹರಳು, ಸುತ್ತ ಯಾರೋ ಸೇರಿಸಿದ ಬಂಗಾರದ ಕಿರಣಗಳು. ಅಧ್ಯಕ್ಷರು ಮಾತಾಡುತ್ತ, ಹುಣಸೆಬೀಜದಿಂದ ವಜ್ರ ತೆಗೆದ ನಮ್ಮ ಸಮಾಜದ ಮಗಳು ಎಂದರು. ಮುಂದೆ ಇದರಿಂದ ಸಕ್ಕರೆ ಕಾಯಿಲೆಗೆ ಔಷಧಿ ಬರುತ್ತದೆ ಎಂದೂ ಸೇರಿಸಿದರು. ಅದು ಎಲ್ಲಿಂದ ಬಂತೋ ಗೊತ್ತಿಲ್ಲ. ಬಹುಶಃ ಅವರಿಗೆ ಸಕ್ಕರೆ ಕಾಯಿಲೆ ಇತ್ತು. ನಾನು ಎದ್ದು ತಿದ್ದಬಹುದಿತ್ತು. ತಲೆ ತಗ್ಗಿಸಿ ಪೇಟ ಸುತ್ತಿಸಿಕೊಂಡೆ. ಊಟದ ಪಂಕ್ತಿಯಲ್ಲಿ ಪಕ್ಕದ ಹೆಂಗಸು ಆ ಹರಳನ್ನು ಯಾವ ಬೆರಳಿಗೆ ಹಾಕಿಕೊಂಡರೆ ಒಳ್ಳೆಯದು, ತಮ್ಮ ಮಗನಿಗೆ ಶನಿ ನಡೆಯುತ್ತಿದೆ ಎಂದು ಕೇಳಿದರು. ಆಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಈಗ ಅನಿಸುತ್ತದೆ, ಆ ಸಭೆಯಲ್ಲಿ ಹರಳಿನಿಂದ ಏನು ಉಪಯೋಗ ಎಂದು ನೇರವಾಗಿ ಕೇಳಿದವರು ಅವರೊಬ್ಬರೇ.

ಸನ್ಮಾನದ ಹೊತ್ತಿಗೆ ಎಕ್ಸ್‌ರೇ ಚುಕ್ಕೆಗಳು ಸಿಕ್ಕಿದ್ದವು, ಚಂದವಾಗಿಯೂ ಬಂದಿದ್ದವು. ಇನ್ನು ಲೆಕ್ಕ ಬಿಡಿಸುವುದೊಂದೇ ಬಾಕಿ. ನನ್ನ ಎಂಜೈಮಿಗೆ ದೂರದ ನೆಂಟನಾದ ಇನ್ನೊಂದು ಎಂಜೈಮಿನ ಆಕಾರವನ್ನು ಮಾದರಿಯಾಗಿ ಕೊಟ್ಟು, ಇದು ಈ ಹರಳಿನಲ್ಲಿ ಕೂರುತ್ತದೆಯೇ ನೋಡು ಎಂದು ಕಂಪ್ಯೂಟರಿಗೆ ಹೇಳಬೇಕು. ಕೂರಲಿಲ್ಲ. ಮಾದರಿಯ ಕೈ ಕತ್ತರಿಸಿ ಕೊಟ್ಟೆ, ಕಾಲು ಕತ್ತರಿಸಿ ಕೊಟ್ಟೆ, ಬೇರೆ ನೆಂಟರನ್ನು ಕರೆತಂದೆ. ಹನ್ನೊಂದು ತಿಂಗಳು ಹೀಗೇ ಹೋಯಿತು. ಗೈಡ್ ಚಹಾ ಲೋಟ ಹಿಡಿದು ಬಂದು, ನಿನಗೆ ಸಾಫ್ಟ್‌ವೇರ್ ಬರುವುದಿಲ್ಲ ಎಂದು ಹೇಳಿ ಹೋಗುತ್ತಿದ್ದರು. ಅಷ್ಟರಲ್ಲಿ ಅವರು ಆ ಫೋಟೋವನ್ನು ದೊಡ್ಡದು ಮಾಡಿಸಿ ಕಾರಿಡಾರಿನಲ್ಲಿ ತೂಗುಹಾಕಿದ್ದರು. ಮುಂದಿನ ಯೋಜನೆಯ ಅರ್ಜಿಯಲ್ಲೂ ಅಂಟಿಸಿದ್ದರು.

ಹನ್ನೆರಡನೆಯ ತಿಂಗಳ ಒಂದು ಮಧ್ಯಾಹ್ನ, ಬೇಸರಕ್ಕೆ, ಬೇರೆ ಏನೂ ತೋಚದೆ, ನನ್ನ ಹರಳಿನ ಮೂರು ಅಳತೆಗಳನ್ನು ಒಂದು ಜಾಲತಾಣದಲ್ಲಿ ಬರೆದೆ. ಪ್ರತಿ ಹರಳಿನಲ್ಲೂ ಒಂದು ಪುಟ್ಟ ಡಬ್ಬಿಯಂಥ ಭಾಗ ಮತ್ತೆ ಮತ್ತೆ ಬರುತ್ತದೆ. ಅದರ ಉದ್ದ, ಅಗಲ, ಎತ್ತರ ಆ ಹರಳಿನ ಬೆರಳಚ್ಚಿನಂತೆ. ಪ್ರಪಂಚದಲ್ಲಿ ಈವರೆಗೆ ಬಿಡಿಸಿದ ಹರಳುಗಳ ಅಳತೆಗಳೆಲ್ಲ ಆ ತಾಣದಲ್ಲಿವೆ. ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಅದೇ ಅಳತೆಯ ಹರಳು ಬಹಳ ಹಿಂದೆಯೇ ಸಿಕ್ಕಿದೆ. ಅದು ಇ. ಕೋಲಿಯ ಸ್ವಂತ ಎಂಜೈಮಿನದು. ಇಂಗಾಲದ ಡೈಆಕ್ಸೈಡನ್ನು ನೀರಿಗೆ ಬೆರೆಸುವ, ಪಾಠಪುಸ್ತಕದಲ್ಲಿ ಬರುವ ಎಂಜೈಮ್. ಅದರ ಮಾದರಿ ಇಳಿಸಿಕೊಂಡು ಕಂಪ್ಯೂಟರಿಗೆ ಕೊಟ್ಟೆ. ಕೀಲಿ ಬೀಗಕ್ಕೆ ಕೂತಂತೆ ಕೂತಿತು.

ಉಗುರಿನಿಂದ ಗೀಚಿದಂಥ ಆ ತೆಳು ಗೆರೆಯೇ ಹರಳಾಗಿತ್ತು. ನಾನು ಹುಡುಕಿ ತಂದ, ನಾಲ್ಕು ವರ್ಷ ಸಾಕಿದ ಎಂಜೈಮ್ ಒಡೆದ ಹಾಲಿನ ಹಾಗೆ ಸುತ್ತ ಬಿದ್ದಿತ್ತು. ತೊಳೆದರೂ ಹೋಗದ ಕೂಲಿಯಾಳಿನ ಪ್ರೋಟೀನು ನಡುವೆ ವಜ್ರದ ಹಾಗೆ ಕೂತಿತ್ತು. ಎದ್ದು ಕಾರಿಡಾರಿಗೆ ಹೋಗಿ ಆ ದೊಡ್ಡ ಫೋಟೋದ ಮುಂದೆ ನಿಂತೆ. ಇಬ್ಬರು ಹೊಸ ವಿದ್ಯಾರ್ಥಿಗಳು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಸ್ವಲ್ಪ ಸರಿಯಿರಿ ಮೇಡಂ ಎಂದರು. ಸರಿದೆ.

ಗೈಡಿಗೆ ಹೇಳಿದಾಗ ಅವರ ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ. ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಾಗಿಲು ಹಾಕು ಎಂದರು. ಇದನ್ನು ಬಿಟ್ಟು ಬೇರೆ ಪ್ರಯೋಗಗಳನ್ನು ಸೇರಿಸಿ ಥೀಸಿಸ್ ಬರಿ, ಹರಳಿನ ವಿಷಯ ಇನ್ನೂ ನಡೆಯುತ್ತಿದೆ ಎಂದು ಒಂದು ಸಾಲು ಹಾಕು ಎಂದರು. ಫೋಟೋ ತೆಗೆಸಬೇಕು, ಅರ್ಜಿ ತಿದ್ದಬೇಕು, ಎಲ್ಲರಿಗೂ ಹೇಳಬೇಕು ಎಂದೆ.

"ಯಾರು ಕೇಳಿದ್ದಾರಮ್ಮ ಹೇಳು ಅಂತ?" ಎಂದರು.

ಥೀಸಿಸ್ಸಿನಲ್ಲಿ ಒಂದು ಇಡೀ ಅಧ್ಯಾಯ ಆ ತಪ್ಪಿಗೇ ಕೊಟ್ಟೆ. ಜೆಲ್ಲಿನ ತೆಳು ಗೆರೆಗೆ ಬಾಣದ ಗುರುತು ಹಾಕಿದೆ. ಹರಳಿನ ಫೋಟೋ ಹಾಕಿ ಅದು ಯಾವುದರ ಹರಳು ಎಂದು ಕೆಳಗೆ ಸ್ಪಷ್ಟವಾಗಿ ಬರೆದೆ. ಗೈಡ್ ಒಪ್ಪುವುದಿಲ್ಲ, ಜಗಳವಾಗುತ್ತದೆ ಎಂದು ಮೂರು ದಿನ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಅವರು ಓದದೆಯೇ ಸಹಿ ಹಾಕಿದರು. ಜೋಡಿಸಿಕೊಂಡ ಮಾತೆಲ್ಲ ದಂಡವಾಯಿತು. ಮೌಖಿಕ ಪರೀಕ್ಷೆಗೆ ಬಂದಿದ್ದ ವಯಸ್ಸಾದ ಪರೀಕ್ಷಕಿ ಮಾತ್ರ ಆ ಅಧ್ಯಾಯ ತೆರೆದು, ತನಗೂ ಇದೇ ಹರಳು ಎರಡು ಸಲ ಬಂದಿತ್ತು, ಎರಡು ಸಲವೂ ಯಾರಿಗೂ ಹೇಳಲಿಲ್ಲ ಎಂದರು. ಗೈಡ್ ಪಕ್ಕದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಆಗ ಅವರಿಗೆ ಆ ಅಧ್ಯಾಯ ಇರುವುದು ಗೊತ್ತಾಯಿತು. ಡಿಗ್ರಿ ಸಿಕ್ಕಿತು. ಅವರು ಕೊಡಬೇಕಿದ್ದ ಶಿಫಾರಸು ಪತ್ರ ಸಿಗಲಿಲ್ಲ. ಅದಿಲ್ಲದೆ ಹೊರಗೆಲ್ಲೂ ಸಂಶೋಧನೆಯ ಕೆಲಸ ಸಿಗುವುದಿಲ್ಲ. ನಾನು ಊರಿನ ಕಡೆ ಬಂದು ಹರಪನಹಳ್ಳಿಯ ಕಾಲೇಜಿಗೆ ಸೇರಿದ್ದು ಹಾಗೆ. ಇದನ್ನು ತಾಯ್ನೆಲದ ಸೆಳೆತ ಎಂದು ಪ್ರಿನ್ಸಿಪಾಲರು ಸ್ವಾಗತ ಭಾಷಣದಲ್ಲಿ ಹೇಳಿದರು.

ಬಂದ ಮೊದಲ ತಿಂಗಳಲ್ಲಿ ಕಂಬಳಿಯವರ ಮನೆಗೆ ಹೋದೆ. ಮಾತು ಕೊಟ್ಟು ಐದು ವರ್ಷವಾಗಿತ್ತು. ಗಂಜಿ ಕೆಡದಂತೆ ದಿನಾ ಕುದಿಸಿ, ಅವತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳಿ, ಹಳೆಯ ಗಡಿಗೆಯನ್ನು ಸುಡುನೀರಲ್ಲಿ ತೊಳೆಯಿರಿ ಎಂದು ಹೇಳುವವಳಿದ್ದೆ. ಆಕೆ ಅದನ್ನೆಲ್ಲ ಅಂದು ನಾನು ಡಬ್ಬಿ ಒಯ್ದ ವಾರದಲ್ಲೇ ಶುರು ಮಾಡಿದ್ದರಂತೆ. ಗಡಿಗೆಯನ್ನೇ ಒಡೆದು ಹಾಕಿ ಸ್ಟೀಲಿನದು ತಂದಿದ್ದರು. ಇಷ್ಟು ದೊಡ್ಡ ಓದಿಗೆ ಇಷ್ಟೇ ಉತ್ತರವೇ ಎನ್ನುವ ಹಾಗೆ ನನ್ನ ಮುಖ ನೋಡಿದರು. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಅವರ ಗಂಜಿಯ ಹುಳದ ಬದಲು, ಅದನ್ನು ಬೆಳೆಸಲು ಇಟ್ಟುಕೊಂಡ ಬ್ಯಾಕ್ಟೀರಿಯಾದ್ದೇ ಹರಳಾಯಿತು ಎಂದೆ. ಆಕೆ ನೂಲುವ ಕೈ ನಿಲ್ಲಿಸಿದರು.

"ಅಂದ್ರ ಕಳ್ಳನ್ನ ಹಿಡಿಯಾಕ ಹೋಗಿ, ಪೊಲೀಸನ್ನ ಹಿಡಕೊಂಡು ಬಂದಿ."

"ಹೌದ್ರಿ ಅವ್ವ."

"ಶಾಲು ಯಾರಿಗೆ ಹೊದಿಸಿದ್ರು?"

"ನನಗ."

ಆಕೆ ಬಹಳ ಹೊತ್ತು ನಕ್ಕರು. ನಗುತ್ತಲೇ ಒಳಗೆ ಹೋಗಿ ಮಜ್ಜಿಗೆ ತಂದರು. ಆರು ವರ್ಷದಲ್ಲಿ ನನ್ನ ಸಂಶೋಧನೆಯನ್ನು ಪೂರ್ತಿ ಕೇಳಿ, ಪೂರ್ತಿ ಅರ್ಥ ಮಾಡಿಕೊಂಡವರಲ್ಲಿ, ಆ ಪರೀಕ್ಷಕಿಯ ನಂತರ, ಎರಡನೆಯವರು ಅವರು.

ಭಾವನ ವಿಷಯ ಬೇರೆ. ಅಕ್ಕನನ್ನು ನೋಡಲು ಹಗರಿಬೊಮ್ಮನಹಳ್ಳಿಗೆ ಹೋದವಳು ಮೊದಲು ಅಂಗಡಿಗೆ ಹೋದೆ. ಕೌಂಟರಿನ ಮೇಲೆ ಹಸಿರು ಬಾಟಲಿಗಳ ಸಾಲು. ಪ್ರತಿ ಬಾಟಲಿಯ ಮೇಲೂ ನನ್ನ ಹರಳು, ಸುತ್ತ ಅದೇ ಬಂಗಾರದ ಕಿರಣ. ಗಿಡದ ಬುಡಕ್ಕೆ ಹಾಕುವ ಎಂಜೈಮ್ ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ, ನಮ್ಮ ಮಣ್ಣಿನ ವಿಜ್ಞಾನಿಯ ಸಂಶೋಧನೆ. ಹೊರಗಿನಿಂದ ದೊಡ್ಡ ಕ್ಯಾನುಗಳಲ್ಲಿ ಬರುವ ಯಾವುದೋ ಕಪ್ಪು ದ್ರವವನ್ನು ಭಾವ ಬಾಟಲಿಗೆ ತುಂಬಿ ಮಾರುತ್ತಿದ್ದರು. ಮುಚ್ಚಳ ತೆಗೆದು ಮೂಸಿದೆ. ಕೊಳೆತ ಬೆಲ್ಲದ ವಾಸನೆ.

ಈ ಹರಳು ಆ ಎಂಜೈಮಿನದಲ್ಲ ಎಂದು ಅವರನ್ನು ಅಂಗಡಿಯ ಹಿಂದಿನ ಮನೆಯೊಳಗೆ ಕರೆದು ಹೇಳಿದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಗಿರಾಕಿಗಳ ಮಾತು ಕೇಳಿ ಕೇಳಿ ಅವರಿಗೆ ತಾಳ್ಮೆ ಅಭ್ಯಾಸವಾಗಿದೆ.

"ಯಾವುದರದ್ದರ ಆಗಲಿ ತಗೋ, ಫೋಟೋ ಚಲೋ ಬಂದೈತಿ," ಎಂದರು.

"ಈ ಬಾಟ್ಲಿಯೊಳಗ ಏನೈತಿ ಭಾವ?"

"ಎಂಜೈಮ್."

"ಯಾವ ಎಂಜೈಮ್?"

"ಕೊಟ್ಟಾವ್ರು ಎಂಜೈಮ್ ಅಂದಾರ, ನಾನು ಎಂಜೈಮ್ ಅಂತೀನಿ. ನೋಡು ತಂಗಿ, ನೀನು ಕೊಟ್ಟೂರಾಗ ಪೇಟ ಸುತ್ತಿಸಿಕೊಂಡು ಕುಂತಾಗ ನಾನೇನರ ಕೇಳಿದ್ನ್ಯಾ, ಯಾವ ಎಂಜೈಮ್ ಅಂತ?"

ಅಕ್ಕ ಅವಲಕ್ಕಿಯ ತಟ್ಟೆ ತಂದು ಇಬ್ಬರ ನಡುವೆ ಇಟ್ಟು ಹೋದಳು. ಆ ಮನುಷ್ಯನನ್ನು ನಾನು ಮೊದಲಿನಿಂದಲೂ ಹಗುರವಾಗಿ ಕಂಡವಳು. ಹತ್ತನೇ ಕ್ಲಾಸು ಫೇಲಾದವರು, ನಾಲಿಗೆಯ ಮೇಲೆ ಬದುಕುವವರು. ಹರಳಿನ ಬಗ್ಗೆ ನನ್ನ ಗೈಡ್ ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಏನೂ ವ್ಯತ್ಯಾಸವಿಲ್ಲ ಎಂದು ಅವಲಕ್ಕಿ ತಿನ್ನುವಾಗ ಹೊಳೆಯಿತು. ಒಂದೇ ವ್ಯತ್ಯಾಸ, ಭಾವ ಅವಲಕ್ಕಿ ಕೊಡಿಸಿದರು.

ಆದರೂ ಬಿಡಲಿಲ್ಲ. ಮುಂದಿನ ವಾರ ಹಿರೇಹಡಗಲಿಯಲ್ಲಿ ಮಲ್ಲಿಗೆ ಬೆಳೆಗಾರರ ಸಭೆಯಿದೆ, ವಿಜ್ಞಾನಿಯಾಗಿ ಬಂದು ನಾಲ್ಕು ಮಾತಾಡು ಎಂದು ಅವರೇ ಕರೆದರು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ ಎಂದು ಮೊದಲೇ ತಿಳಿಸಿದೆ. ಹೇಳು ಎಂದರು.

ಮೊಗ್ಗು ಬಿಡಿಸಿ, ಬುಟ್ಟಿಗಳನ್ನು ಬಸ್ಸಿಗೆ ಹಾಕಿ ಬಂದ ನಲವತ್ತು ಐವತ್ತು ಜನ ಸಮುದಾಯ ಭವನದ ನೆಲದ ಮೇಲೆ ಕೂತಿದ್ದರು. ಹೆಚ್ಚಿನವರು ಹೆಂಗಸರು. ನಾನು ಬಾಟಲಿ ಎತ್ತಿ ಹಿಡಿದು, ಈ ಚಿತ್ರ ನನ್ನದೇ, ಆದರೆ ಇದು ಬೇರೆ ಎಂಜೈಮಿನ ಹರಳು, ಇದನ್ನು ಕಂಡುಹಿಡಿದವಳೂ ನಾನಲ್ಲ, ತಪ್ಪಿ ಸಿಕ್ಕಿದ್ದು ಎಂದೆ. ಈ ಬಾಟಲಿಯೊಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ, ಮಲ್ಲಿಗೆಗೆ ಒಳ್ಳೆಯದು ಎಂದು ನಾನು ಹೇಳಲಾರೆ, ವಿಜ್ಞಾನಿಯ ಹೆಸರು ನೋಡಿ ಕೊಳ್ಳಬೇಡಿ ಎಂದೆ. ಕೊಟ್ಟೂರಿನ ಋಣದಂತೆ ಬಾಕಿ ಉಳಿದಿದ್ದ ಮಾತು. ಯಾರೂ ಗದ್ದಲ ಮಾಡಲಿಲ್ಲ. ಎಲ್ಲರೂ ತಲೆಯಾಡಿಸುತ್ತ ಕೇಳಿದರು. ಮೂಲೆಯಲ್ಲಿ ನಿಂತಿದ್ದ ಭಾವನ ಮುಖ ಕಪ್ಪಿಟ್ಟಿತ್ತು. ನನಗೆ ಸಮಾಧಾನವಾಯಿತು.

ಸಭೆ ಮುಗಿದ ಮೇಲೆ ಭಾವ ತಂದಿದ್ದ ಬಾಟಲಿಗಳೆಲ್ಲ ಖಾಲಿಯಾದವು.

ನಾನು ನಂಬದೆ ಬಾಗಿಲ ಬಳಿ ಒಬ್ಬ ಹೆಂಗಸನ್ನು ನಿಲ್ಲಿಸಿ ಕೇಳಿದೆ. ಕೈಯಲ್ಲಿ ಎರಡು ಬಾಟಲಿ ಇದ್ದವು. ನಾನು ಹೇಳಿದ್ದು ಕೇಳಿಸಲಿಲ್ಲವೇ ಎಂದೆ.

"ಕೇಳಿಸ್ತವಾ. ಮನಿ ಮಗಳ ಅಷ್ಟು ಖರೇ ಮಾತಾಡತಾಳ ಅಂದ್ರ ಅವರ ಅಂಗಡಿ ಮಾಲು ಖೊಟ್ಟಿ ಹೆಂಗಿರತೈತಿ?" ಎಂದರು. ಸ್ವಲ್ಪ ತಡೆದು, "ಮತ್ತ ಬಾಟ್ಲಿ ಗಟ್ಟಿ ಅದಾವು. ಬೀಜ ಹಾಕಿ ಇಡಾಕ ಬರತಾವು," ಎಂದು ಸೇರಿಸಿದರು.

ಕಾರಿನಲ್ಲಿ ವಾಪಸು ಬರುವಾಗ ಭಾವ, ಮುಂದಿನ ತಿಂಗಳು ಹೂವಿನಹಡಗಲಿಯಲ್ಲೂ ಒಂದು ಸಭೆಯಿದೆ, ಅಲ್ಲೂ ಇದನ್ನೇ ಹೇಳುತ್ತೀಯಾ ಎಂದು ಕೇಳಿದರು. ವ್ಯಂಗ್ಯವೋ ನಿಜವೋ ತಿಳಿಯಲಿಲ್ಲ. ಹೋಗಲಿಲ್ಲ. ಅಂದಿನಿಂದ ಅವರ ಅಂಗಡಿಗೂ ಹೋಗಿಲ್ಲ. ಅಕ್ಕನೇ ಆಗಾಗ ಹರಪನಹಳ್ಳಿಗೆ ಬಂದು ನೋಡಿಕೊಂಡು ಹೋಗುತ್ತಾಳೆ. ಬಾಟಲಿಯ ಮೇಲಿನ ಚಿತ್ರ ಬದಲಾಗಿದೆಯಂತೆ. ನನ್ನ ಮಾತಿಗೆ ಹೆದರಿ ಬದಲಿಸಿದ್ದಲ್ಲ. ಹಸಿರು ಬಣ್ಣದ ಮೇಲೆ ಹರಳು ಎದ್ದು ಕಾಣುವುದಿಲ್ಲ ಎಂದು ಛಾಪಖಾನೆಯವನು ಹೇಳಿದನಂತೆ. ಈಗ ಒಂದು ನಗುವ ಎರೆಹುಳು ಇದೆ.

ಹೋದ ವರ್ಷ ಒಂದು ಸಂಗತಿ ನಡೆಯಿತು. ಈಗ ಹರಳಿಲ್ಲದೆಯೂ ಪ್ರೋಟೀನಿನ ಆಕಾರ ಊಹಿಸುವ ಕಂಪ್ಯೂಟರ್ ಪ್ರೋಗ್ರಾಮುಗಳು ಬಂದಿವೆ. ಅಮೈನೋ ಆಮ್ಲಗಳ ಸಾಲನ್ನು ಅಕ್ಷರಗಳಲ್ಲಿ ಬರೆದು ಕೊಟ್ಟರೆ ಸಾಕು. ಬಹಳ ದಿನ ನಾನು ಅದನ್ನು ಮುಟ್ಟಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಯಾರೂ ಇಲ್ಲದಾಗ ನನ್ನ ಎಂಜೈಮಿನ ಸಾಲನ್ನು ಹಳೆಯ ಫೈಲಿನಿಂದ ತೆಗೆದು ಕೊಟ್ಟೆ. ಚಹಾ ಆರುವಷ್ಟರಲ್ಲಿ ತೆರೆಯ ಮೇಲೆ ಅದು ಬಂತು. ಗುಂಡಗಿನ ಪೀಪಾಯಿಯಂಥ ಮೈ, ಮೇಲ್ಭಾಗದಲ್ಲಿ ಉದ್ದನೆಯ ಒಂದು ಕಾಲುವೆ. ಹುಣಸೆಬೀಜದ ಸಕ್ಕರೆ ಸರಪಳಿ ಆ ಕಾಲುವೆಯಲ್ಲಿ ಮಲಗುತ್ತದೆ. ಕಾಲುವೆಯ ಎರಡು ದಡಗಳಿಂದ ಎರಡು ಆಮ್ಲಗಳು ಚಾಚಿಕೊಂಡಿದ್ದವು. ಕತ್ತರಿಯ ಎರಡು ಬಾಯಿ.

ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಮೂಲೆಯ ಎಳೆಗಳಿಗೆ ಪ್ರೋಗ್ರಾಮ್ ಕಿತ್ತಳೆ ಬಣ್ಣ ಹಚ್ಚಿತ್ತು. ಈ ಭಾಗ ನನಗೆ ಖಚಿತವಿಲ್ಲ ಎಂದು ಅದರ ಅರ್ಥ. ಎಲ್ಲಿ ಗೊತ್ತಿಲ್ಲವೋ ಅಲ್ಲಿ ಗೊತ್ತಿಲ್ಲ ಎನ್ನುವಷ್ಟು ಮರ್ಯಾದೆ ಯಂತ್ರಕ್ಕಿದೆ. ನನ್ನ ಗೈಡಿಗೆ, ಕೊಟ್ಟೂರಿನ ಅಧ್ಯಕ್ಷರಿಗೆ, ಭಾವನಿಗೆ ಮೈಯಲ್ಲಿ ಎಲ್ಲೂ ಕಿತ್ತಳೆ ಬಣ್ಣವಿರಲಿಲ್ಲ. ಪೇಟ ಸುತ್ತಿಕೊಂಡ ದಿನ ನನಗೂ ಇರಲಿಲ್ಲ. ಇದು ಊಹೆ, ಹರಳಲ್ಲ, ಪೂರ್ತಿ ನಂಬುವಂತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಆ ಚಿತ್ರವನ್ನು ಹಳೆಯ ಫೈಲಿನ ಜೊತೆಗೇ ಉಳಿಸಿಟ್ಟೆ.

ಸೋಮವಾರ ಅಂತಿಮ ವರ್ಷದ ತರಗತಿಯಲ್ಲಿ ಬೇರೆ ಪಾಠವಿತ್ತು. ಅದನ್ನು ಬಿಟ್ಟು ಬೋರ್ಡಿನ ಮೇಲೆ ಆ ಪೀಪಾಯಿಯನ್ನೂ ಕಾಲುವೆಯನ್ನೂ ಬರೆದೆ. ಸರಪಳಿ ಹೇಗೆ ಬಂದು ಮಲಗುತ್ತದೆ, ಒಂದು ಆಮ್ಲ ಹೇಗೆ ಪ್ರೋಟಾನ್ ಕೊಡುತ್ತದೆ, ಇನ್ನೊಂದು ಹೇಗೆ ಬಂಧ ಮುರಿಯುತ್ತದೆ ಎಂದು ವಿವರಿಸಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಪಾಠ ಮಾಡಿರಲಿಲ್ಲ. ಎರಡನೇ ಬೆಂಚಿನಿಂದ ಒಬ್ಬಳು ಎದ್ದು, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದಳು.

ಬರುವುದಿಲ್ಲ ಎಂದೆ.

ಇಡೀ ಕ್ಲಾಸು ಪೆನ್ನು ಕೆಳಗಿಟ್ಟಿತು. ಕೆಲವರು ಮೊಬೈಲು ತೆಗೆದರು. ಬೆಲ್ಲಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ನಾನು ಕಾಲುವೆಯ ಎರಡನೇ ದಡವನ್ನು ಅಳಿಸಿ, ಸರಿಯಾದ ಅಳತೆಗೆ ಮತ್ತೆ ಬರೆದೆ.